ಕೂಗವ್ವನ ಬಂಡೆ

ಚಿಕ್ಕತೊಗರಿಹಾಳದ ಹಳ್ಳದ ದಂಡೆಯಲ್ಲಿ ಎರಡಾಳೆತ್ತರದ ಒಂದು ಬಂಡೆ ಇದೆ. ಹತ್ತಲು ಪಂಚಾಯಿತಿಯವರು ಹಾಕಿಸಿದ ಕಬ್ಬಿಣದ ಕಂಬಿ, ಪಕ್ಕದಲ್ಲಿ ‘ಪವಿತ್ರ ಸ್ಥಳ, ಚಪ್ಪಲಿ ಬಿಡಿ’ ಎಂಬ ಹಲಗೆ. ಮೇಲೆ ಕುಂಕುಮ ಬಳಿದ ಒಂದು ತಗ್ಗು. ಮಳೆ ಬೇಡಲು ಹೊರುವ ಗುರ್ಜಿಯನ್ನು ಇಳಿಸಿದ ಗುರುತು ಎನ್ನುತ್ತಾರೆ. ಅಂಥ ತಗ್ಗುಗಳು ಆ ಬಂಡೆಯ ಮೇಲೆ ಒಂಬತ್ತಿವೆ. ಮಳೆನೀರು ನಿಂತು ನಿಂತು ಕಲ್ಲು ಸವೆದದ್ದು. ಎಂಟಕ್ಕೆ ಕುಂಕುಮ ಸಿಕ್ಕಿಲ್ಲ. ಕೆಳಗಿನ ಹಳ್ಳದಲ್ಲಿ ವರ್ಷದ ಬಹುಕಾಲ ಬರೀ ಉಸುಕು. ಇದೂ ಒಂದು ಹಳ್ಳವೇ ಎಂದು ಹೊಸಬರು ನಗುತ್ತಾರೆ. ಊರಿನವರು ನಗುವುದಿಲ್ಲ.

ಹಿಂದೆ ಒಮ್ಮೆ, ಯಾವಾಗ ಎಂದರೆ ಪ್ರತಿಯೊಬ್ಬರೂ ತಮ್ಮ ಅಜ್ಜನ ಅಜ್ಜನ ಕಾಲ ಎನ್ನುತ್ತಾರೆ, ಜ್ಯೇಷ್ಠ ಕಳೆದರೂ ಮಳೆಯಾಗಲಿಲ್ಲ. ಮಕ್ಕಳು ಗುರ್ಜಿ ಹೊತ್ತರು. ರೊಟ್ಟಿ ಹಂಚಿನ ಮೇಲೆ ಮಣ್ಣಿನ ಗೊಂಬೆ ಕೂರಿಸಿ, ಗರಿಕೆ ಸಿಕ್ಕಿಸಿ, ಬಾಳವ್ವ ಎಂಬ ಹುಡುಗಿಯ ತಲೆಯ ಮೇಲಿಟ್ಟು, ಮನೆಮನೆಯ ಮುಂದೆ ನೀರು ಸುರಿಸಿಕೊಳ್ಳುತ್ತ ಹೋದರು. ಈ ಪದ್ಧತಿಗೆ ಊರು ತನ್ನದೊಂದು ಕಟ್ಟಳೆ ಸೇರಿಸಿತ್ತು: ಮೊದಲ ಮಳೆಯಲ್ಲಿ ಆಡುವ ಮಕ್ಕಳನ್ನು ಯಾರೂ ಕರೆಯಕೂಡದು, ಕರೆದರೆ ಮಳೆ ಮುನಿದು ಹೊರಳಿ ಹೋಗುತ್ತದೆ. ಮಕ್ಕಳು ಗುರ್ಜಿ ಹೋದಲ್ಲಿಗೆ ಹೋಗಬೇಕು. ಬೇರಾರ ಮಾತಿಗೂ ಕದಲಬಾರದು. ಮೋಡಗಳು ಇದನ್ನು ಒಪ್ಪಿದ್ದಕ್ಕೆ ದಾಖಲೆಯಿಲ್ಲ. ನಿಂಬೆವ್ವ ಎಂಬವಳು ಆ ಬೆಳಿಗ್ಗೆ ಐದು ವರ್ಷದ ಮಗ ಸೋಮನಿಂಗನ ಗಲ್ಲ ಹಿಡಿದು, “ಯಾರ ಕರದ್ರೂ ಬರಬ್ಯಾಡ. ನಾ ಕರದ್ರೂ ಬರಬ್ಯಾಡ, ತಿಳೀತ?” ಎಂದು ಹೇಳಿ ಕಳಿಸಿದಳು.

ಮಧ್ಯಾಹ್ನ ಮಳೆ ಬಂತು. ಹನ್ನೊಂದು ಮಕ್ಕಳು ಬರಿಮೈಯಲ್ಲಿ ಹಳ್ಳಕ್ಕಿಳಿದರು. ಬಾಳವ್ವನ ಸುತ್ತ ಕುಣಿದರು, ಕೆಸರು ಎರಚಿದರು, ಬಾಯಿ ತೆರೆದು ಹನಿ ಕುಡಿದರು. ಸೋಮನಿಂಗ ಒಬ್ಬನೇ ದಂಡೆಯ ಮರೆಯಲ್ಲಿ ಕೂತು ಉಸುಕಿನ ಒಡ್ಡು ಕಟ್ಟುತ್ತಿದ್ದ. ನಿಂಬೆವ್ವ ಬಂಡೆಯ ಮೇಲೆ ಒಣಗಲಿಟ್ಟ ಸಗಣಿಯ ಕುಳ್ಳು ಎತ್ತಿಕೊಳ್ಳಲು ಹತ್ತಿದ್ದಳು. ಅಲ್ಲಿಂದ ಅವಳಿಗೆ ಮಾತ್ರ ಕಂಡಿತು: ಮೇಲಿನ ತಿರುವಿನಲ್ಲಿ ಗಾಳಿಯಿಲ್ಲದೆ ಜಾಲಿಮರಗಳು ಅಲುಗಾಡುತ್ತಿದ್ದವು. ಬೀಸುಕಲ್ಲು ತಿರುಗಿದಂಥ ಸದ್ದು. ಕಾಲ ಕೆಳಗೆ ಬಂಡೆ ಸಣ್ಣಗೆ ನಡುಗಿತು. ಅವಳು ಮಗನ ಹೆಸರು ಹಿಡಿದು ಕೂಗಿದಳು. ದಂಡೆಯಲ್ಲಿದ್ದ ಸಂಕವ್ವ ಎಂಬ ಮುದುಕಿ, “ಬಾಯಿ ಮುಚ್ಚಲೇ! ಬಂದ ಮಳಿ ಹೊಳ್ಳಿ ಹೋದ್ರ ನಿನ್ನ ಕಣ್ಣೀರಿನ್ಯಾಗ ಬಿತ್ತೂಣೇನ?” ಎಂದು ಗದರಿದಳು. ಮಕ್ಕಳ ಕುಣಿತ ನಿಲ್ಲಲಿಲ್ಲ. ದಂಡೆಯ ಮರೆಯಿಂದ ಒಂದು ನಗು ಬಂತು: “ನೀನ ಹೇಳಿದ್ಯಲ್ಲಬೇ, ನೀ ಕರದ್ರೂ ಬರಬಾರದಂತ!”

ನಿಂಬೆವ್ವ ಹಳ್ಳಕ್ಕೆ ಧುಮುಕಿ, ಬಾಳವ್ವನ ತಲೆಯ ಹಂಚು ಕಿತ್ತು ತನ್ನ ತಲೆಗಿಟ್ಟುಕೊಂಡು ಬಂಡೆ ಹತ್ತಿದಳು. ಗುರ್ಜಿ ಹೊರಟಿತು, ಮಕ್ಕಳು ಹಾಡುತ್ತಲೇ ಹಿಂದೆ ಹೊರಟರು. ಮೇಲೆ ಹಂಚು ಇಳಿಸಿ, ತಿರುಗಿ ಎಣಿಸಿದಳು. ಹತ್ತು. ಮರೆಯಲ್ಲಿದ್ದವನಿಗೆ ಗುರ್ಜಿ ಹೋದದ್ದು ಕಾಣಲಿಲ್ಲ. ಕೇಳಿದ್ದು ತಾಯಿಯ ಕೂಗು ಮಾತ್ರ. ಹೇಳಿದ ಮಾತು ಕೇಳುವ ಮಗು. ಅವಳು ಮತ್ತೆ ಇಳಿಯಲು ಕಾಲು ಚಾಚುವಷ್ಟರಲ್ಲಿ, ಬುಡಸಮೇತ ಜಾಲಿಮರ ಹೊತ್ತುಕೊಂಡು ನೀರು ಗೋಡೆಯಂತೆ ಬಂತು. ಅವಳು ಮೂರು ದಿನ ಅಲ್ಲೇ ನಿಂತು ಕೂಗಿದಳು ಎನ್ನುತ್ತಾರೆ. ಕೂಗಿ ಕೂಗಿ ಕಲ್ಲಾದಳು ಎಂದೂ ಎನ್ನುತ್ತಾರೆ. ಕಲ್ಲು ಮೊದಲೇ ಅಲ್ಲಿತ್ತು. ಮಳೆಯೇನೂ ಹೊರಳಿ ಹೋಗಲಿಲ್ಲ. ಆ ವರ್ಷ ಚೆನ್ನಾಗಿಯೇ ಸುರಿಯಿತು.

ಈಗ ಮೊದಲ ಹನಿ ಬಿದ್ದೊಡನೆ ಊರಿನ ತಾಯಂದಿರು ಈ ಬಂಡೆ ಹತ್ತಿ, ಆಡುವ ಮಕ್ಕಳನ್ನು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ಮಕ್ಕಳು ‘ಓ’ ಎಂದು ಕೆಸರುಗಾಲಲ್ಲಿ ಓಡಿ ಬಂದು ಕಂಬಿ ಹಿಡಿಯುತ್ತಾರೆ. ಕೊನೆಗೆ ಒಮ್ಮೆ ಸೋಮನಿಂಗ ಎಂದು ಕೂಗುತ್ತಾರೆ. ಈ ಊರಿನಲ್ಲಿ ಆ ಹೆಸರನ್ನು ಯಾರೂ ಮಗುವಿಗೆ ಇಡುವುದಿಲ್ಲ. ಕೂಗಿ, ಒಂದು ‘ಓ’ ಬರಲು ಬೇಕಾದಷ್ಟು ಹೊತ್ತು ಎಲ್ಲರೂ ಹಳ್ಳದ ಕಡೆ ನೋಡುತ್ತ ಸುಮ್ಮನೆ ನಿಲ್ಲುತ್ತಾರೆ. ಅಷ್ಟು ಹೊತ್ತೂ ಮಕ್ಕಳು ತಾಯಂದಿರ ಸೆರಗು ಬಿಡುವುದಿಲ್ಲ.