ತೂಕದ ಬ್ಯಾಟರಿ

ಒಂದು ಕಾಡಿನಲ್ಲಿ ತಿಪ್ಪಮ್ಮ ಎಂಬ ಮುಳ್ಳುಹಂದಿ ಇದ್ದಳು. ದೊಡ್ಡ ಆಲದ ಮರದ ಬುಡದಲ್ಲಿ ಅವಳದೊಂದು ರಿಪೇರಿ ಅಂಗಡಿ. ಸ್ಕ್ರೂ ಬಿಚ್ಚಲು ಅವಳು ಯಾರ ಮುಂದೆಯೂ ಕೈಚಾಚಬೇಕಾಗಿರಲಿಲ್ಲ. ಬೆನ್ನಿನಿಂದ ಒಂದು ಮುಳ್ಳು ಕಿತ್ತರೆ ಆಯಿತು. ಸಣ್ಣ ಸ್ಕ್ರೂಗೆ ಸಣ್ಣ ಮುಳ್ಳು, ದೊಡ್ಡದಕ್ಕೆ ದೊಡ್ಡದು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪಾಪ, ಅದರಲ್ಲಿ ಅವಳ ತಪ್ಪೇನೂ ಇಲ್ಲ. ಆ ಕಾಡಿನ ಪ್ರಾಣಿಗಳ ಜೊತೆ ಒಂದು ವಾರ ಏಗಿದ್ದರೆ ನಿಮಗೂ ಬೆನ್ನ ಮೇಲೆ ಮುಳ್ಳು ಏಳುತ್ತಿತ್ತು.

ಒಂದು ದಿನ ಬೆಳಿಗ್ಗೆ ಅಳಿಲು ಓಡಿ ಬಂತು. ಅದರ ಕೈಯಲ್ಲಿ ಹೊಸ ಇಯರ್‌ಫೋನ್ ಇತ್ತು.

"ಅಕ್ಕಾ, ಇದು ಬಲಗಿವೀಲಿ ಕೇಳುತ್ತೆ, ಎಡಗಿವೀಲಿ ಕೇಳಲ್ಲ."

"ಯಾರ ಹತ್ರ ತಗೊಂಡೆ?"

"ನರಿಯಣ್ಣನ ಅಂಗಡೀಲಿ. ಮೊನ್ನೆ."

"ತಗೊಳ್ಳುವಾಗ ಎರಡೂ ಕಿವಿಗೆ ಹಾಕ್ಕೊಂಡು ನೋಡಿದ್ಯಾ?"

"ಇಲ್ಲ ಅಕ್ಕಾ. ಡಬ್ಬಿ ತುಂಬಾ ಚೆನ್ನಾಗಿತ್ತು."

"ಹಾಗಾದ್ರೆ ಡಬ್ಬೀನೇ ಕಿವಿಗೆ ಇಟ್ಕೋ ಹೋಗು!" ಎಂದು ತಿಪ್ಪಮ್ಮ ಹಣೆ ಚಚ್ಚಿಕೊಂಡಳು. ಬೈದರೂ ಇಯರ್‌ಫೋನನ್ನು ರಿಪೇರಿಗೆ ತೆಗೆದಿಟ್ಟುಕೊಂಡಳು.

ಅಳಿಲು ಹೋಯಿತು, ಕರಡಿ ಬಂತು. ಅದರ ಕೈಯಲ್ಲಿ ಚಾರ್ಜರ್ ವೈರು.

"ತಿಪ್ಪಮ್ಮ, ಇದನ್ನ ಹೀಗೆ ಬಗ್ಗಿಸಿ, ಇಲ್ಲಿ ಬೆರಳಲ್ಲಿ ಒತ್ತಿ ಹಿಡ್ಕೊಂಡ್ರೆ ಚಾರ್ಜ್ ಆಗುತ್ತೆ. ಕೈ ಬಿಟ್ರೆ ನಿಂತುಹೋಗುತ್ತೆ. ನಿನ್ನೆಯೆಲ್ಲ ಹಿಡ್ಕೊಂಡೇ ಕೂತಿದ್ದೆ. ಜೇನು ಹುಡುಕೋಕೂ ಹೋಗಲಿಲ್ಲ."

"ಅದು ನಿನ್ನ ವೈರಲ್ಲ ಕಣೋ, ನೀನು ಅದರ ಆಳು! ಏನು ನೋಡಿ ತಗೊಂಡೆ?"

"ತೂಕ ಇತ್ತು," ಎಂದಿತು ಕರಡಿ. ಅದರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ತೂಕ! ಆ ಮಾತು ಕೇಳಿದರೆ ತಿಪ್ಪಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕಾಡಿನಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ಯಾವ ವಸ್ತುವನ್ನೇ ಕೊಳ್ಳಲಿ, ಮೊದಲು ಅದನ್ನು ಆನೆ ಯಜಮಾನನ ಮುಂದೆ ಇಡಬೇಕು. ಆನೆ ಅದನ್ನು ಸೊಂಡಿಲಲ್ಲಿ ಎತ್ತಿ ತೂಗುತ್ತಿತ್ತು. ಭಾರವಿದ್ದರೆ "ಗಟ್ಟಿ ಮಾಲು" ಎನ್ನುತ್ತಿತ್ತು. ಹಗುರವಿದ್ದರೆ "ಪೊಳ್ಳು" ಎನ್ನುತ್ತಿತ್ತು. ಹಲಸಿನ ಹಣ್ಣನ್ನು ಆರಿಸಲು ಆನೆಯ ಅಜ್ಜ ಮಾಡಿದ ಪದ್ಧತಿ ಅದು. ಹಲಸಿಗೆ ಅದು ಸರಿಯಾಗಿಯೇ ಇತ್ತು. ಆದರೆ ವೈರು, ಚಾರ್ಜರು, ಬ್ಯಾಟರಿ ಏನು ಮರದಲ್ಲಿ ಹಣ್ಣಾಗುತ್ತವೆಯೇ? ಇದನ್ನು ತಿಪ್ಪಮ್ಮ ಎಷ್ಟು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತಿತ್ತು.

ಅಲ್ಲಿಯವರೆಗೆ ನಷ್ಟವಾಗಿದ್ದು ಹಾಡು, ಜೇನು, ಇಷ್ಟೇ. ಆದರೆ ಆ ವಾರ ನರಿಯ ಕಣ್ಣು ಕಾವಲು ಬಂಡೆಯ ಮೇಲೆ ಬಿತ್ತು.

ಕಾಡಿನ ನಡುವೆ ಎತ್ತರದ ಒಂದು ಬಂಡೆಯಿತ್ತು. ಅದರ ಮೇಲೆ ಕುಳಿತು ಕಪ್ಪು ಮೋರೆಯ ಕೋತಿ ಮುಸುವ ದಿನವೆಲ್ಲ ಕಾವಲು ಕಾಯುತ್ತಿತ್ತು. ಪಕ್ಕದಲ್ಲೇ ಜಲಪಾತ ಭೋರ್ಗರೆಯುತ್ತಿದ್ದುದರಿಂದ ಬಾಯಲ್ಲಿ ಎಷ್ಟು ಕೂಗಿದರೂ ಕೆಳಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಅಲ್ಲಿ ಒಂದು ಮೈಕು ಕಟ್ಟಿದ್ದರು. ಸ್ವಲ್ಪ ಹೊತ್ತಿಗೊಮ್ಮೆ ಮುಸುವ ಮೈಕಿನಲ್ಲಿ "ಎಲ್ಲಾ ಕ್ಷೇಮ!" ಎನ್ನುತ್ತಿತ್ತು. ಚಿರತೆ ಕಂಡರೆ "ಓಡಿ, ಓಡಿ!" ಎಂದು ಕಿರುಚುತ್ತಿತ್ತು. ಆ ಕೂಗನ್ನು ನಂಬಿಯೇ ಎಲ್ಲರೂ ಹೊಳೆಗೆ ಇಳಿಯುತ್ತಿದ್ದರು.

ತಿಪ್ಪಮ್ಮನಿಗಂತೂ ಆ ಕೂಗೇ ಜೀವ. ಅವಳಿಗೆ ಚಿಣ್ಣಿ ಎಂಬ ಒಬ್ಬಳೇ ಮಗಳು. ಚಿಣ್ಣಿಯ ಮುಳ್ಳುಗಳು ಇನ್ನೂ ಎಳೆ ಹುಲ್ಲಿನ ಹಾಗೆ ಮೆತ್ತಗಿದ್ದವು. ಚುಚ್ಚುವುದಿರಲಿ, ಕಚಗುಳಿ ಇಡಲೂ ಸಾಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವಳು ಹೊಳೆಯ ದಡಕ್ಕೆ ಹೋಗಿ ಗೆಡ್ಡೆ ಅಗೆಯುತ್ತಿದ್ದಳು. ತಾಯಿ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದಳು. "ಎಲ್ಲಾ ಕ್ಷೇಮ" ಕೇಳಿದಾಗಲೆಲ್ಲ ಅವಳಿಗೆ ಎದೆ ಹಗುರವಾಗುತ್ತಿತ್ತು.

ಮೈಕಿಗೆ ಇದ್ದದ್ದು ಹಳೆಯ ಬ್ಯಾಟರಿ. ನೋಡಲು ಬಲು ಕುರೂಪಿ. ಮೂಲೆ ಒಡೆದಿತ್ತು, ಬಣ್ಣ ಹೋಗಿತ್ತು, ವೈರನ್ನು ಬಾಳೆನಾರಿನಲ್ಲಿ ಕಟ್ಟಿದ್ದರು. ಆದರೆ ಬಂಡೆಯ ಮೇಲಿನ ಸೋಲಾರ್ ಹಲಗೆಯಿಂದ ಒಂದಿಷ್ಟು ಬಿಸಿಲು ಕುಡಿದರೆ ಸಾಕು, ಸಂಜೆಯವರೆಗೂ ದುಡಿಯುತ್ತಿತ್ತು.

ನರಿ ಹೊಸ ಬ್ಯಾಟರಿ ತಂದು ಆನೆಯ ಮುಂದೆ ಇಟ್ಟಿತು. ಕಾಡಿನ ಪ್ರಾಣಿಗಳೆಲ್ಲ ಸೇರಿದವು. ಅಬ್ಬಾ, ಏನು ಹೊಳಪು! ಕನ್ನಡಿಯ ಹಾಗಿತ್ತು. ಮೇಲೆ ಹೊಳೆಯುವ ಒಂದು ಸೀಲ್ ಅಂಟಿಸಿತ್ತು.

"ಯಜಮಾನರೇ, ಹಳೇ ಬ್ಯಾಟರಿ ಕೊಡಿ, ಇದನ್ನ ತಗೊಳ್ಳಿ. ಮೇಲೆ ಮನೆಗೊಂದು ಹಲಸಿನ ಹಣ್ಣು ಕೊಟ್ರೆ ಸಾಕು. ಈ ಆಫರ್ ಇವತ್ತು ಮಾತ್ರ," ಎಂದಿತು ನರಿ.

ಆನೆ ಸೊಂಡಿಲಲ್ಲಿ ಬ್ಯಾಟರಿಯನ್ನು ಎತ್ತಿತು. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಆಡಿಸಿತು. ಕಣ್ಣು ಮುಚ್ಚಿ ತಲೆದೂಗಿತು.

"ಗಟ್ಟಿ ಮಾಲು! ಹಳೇದಕ್ಕಿಂತ ಎರಡರಷ್ಟು ಭಾರ!"

ನರಿ ಮೈಕಿಗೆ ಅದನ್ನು ಜೋಡಿಸಿ "ಹಲೋ, ಹಲೋ" ಎಂದಿತು. ಕಾಡೆಲ್ಲ ಗುಡುಗಿತು. ಪ್ರಾಣಿಗಳು ಚಪ್ಪಾಳೆ ತಟ್ಟಿದವು.

ತಿಪ್ಪಮ್ಮ ಮುಂದೆ ಬಂದಳು. "ಜೋರಾಗಿ ಕೂಗೋದು ದೊಡ್ಡದಲ್ಲ, ಎಷ್ಟು ಹೊತ್ತು ಕೂಗುತ್ತೆ ಅನ್ನೋದು ದೊಡ್ಡದು. ಒಂದು ದಿನ ಪೂರ್ತಿ ಓಡಿಸಿ ನೋಡೋಣ. ಇಲ್ಲಾ, ಕೊಡಿ, ಬಿಚ್ಚಿ ನೋಡ್ತೀನಿ."

"ಅಯ್ಯೋ, ಬಿಚ್ಚಬೇಡಿ!" ನರಿ ಹಾರಿಬಿತ್ತು. "ಸೀಲ್ ಒಡೆದ್ರೆ ಗ್ಯಾರಂಟಿ ಹೋಗುತ್ತೆ. ಇದಕ್ಕೆ ಜೀವಮಾನದ ಗ್ಯಾರಂಟಿ ಇದೆ."

"ಯಾರ ಜೀವಮಾನ?"

"ಬ್ಯಾಟರಿದು! ಬ್ಯಾಟರಿ ಎಲ್ಲೀವರೆಗೆ ಬದುಕಿರುತ್ತೋ ಅಲ್ಲೀವರೆಗೂ ಗ್ಯಾರಂಟಿ."

"ಕೇಳಿದ್ರಾ?" ಎಂದು ತಿಪ್ಪಮ್ಮ ಎಲ್ಲರ ಕಡೆ ತಿರುಗಿದಳು. ಎಲ್ಲರೂ ಕೇಳಿದ್ದರು. ಎಲ್ಲರೂ ಒಪ್ಪಿ ತಲೆಯಾಡಿಸುತ್ತಿದ್ದರು. ಕರಡಿಯಂತೂ "ಜೀವಮಾನ ಅಂದ್ರೆ ಬಹಳ ಆಯ್ತಲ್ಲ" ಎಂದು ಪಕ್ಕದ ಜಿಂಕೆಗೆ ವಿವರಿಸುತ್ತಿತ್ತು.

"ಹೋಗಲಿ, ಹೊಸದು ಪರೀಕ್ಷೆ ಆಗೋವರೆಗೆ ಹಳೇದನ್ನ ಇಲ್ಲೇ ಇಟ್ಕೊಳ್ಳಿ. ನನ್ನ ಮಗು ದಿನಾ ಹೊಳೆಗೆ ಹೋಗುತ್ತೆ. ನಿಮ್ಮ ಮಕ್ಕಳೂ ಹೋಗ್ತಾವೆ," ಎಂದಳು ತಿಪ್ಪಮ್ಮ. ಈ ಸಲ ಅವಳ ದನಿಯಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು.

ನರಿ ಮೆಲ್ಲಗೆ ನಕ್ಕಿತು. "ಹಳೇದು ಇದ್ರೆ ತಾನೇ ಇವರಿಗೆ ರಿಪೇರಿ ಕೆಲಸ? ಪಾಪ, ಹೊಟ್ಟೆಪಾಡು."

ಎಲ್ಲರೂ ಗೊಳ್ಳೆಂದು ನಕ್ಕರು. ತಿಪ್ಪಮ್ಮನಿಗೆ ಕಣ್ಣಲ್ಲಿ ನೀರು ಬಂತು. ಅವರ ವಸ್ತುಗಳನ್ನು ರಿಪೇರಿ ಮಾಡಲೆಂದು ಕಿತ್ತೂ ಕಿತ್ತೂ ಅವಳ ಬೆನ್ನಿನಲ್ಲಿ ಎರಡು ಕಡೆ ಮುಳ್ಳೇ ಉಳಿದಿರಲಿಲ್ಲ. ಅದು ಒಬ್ಬರಿಗೂ ನೆನಪಾಗಲಿಲ್ಲ. "ಏನಾದ್ರೂ ಮಾಡ್ಕೊಳ್ಳಿ, ನನ್ನ ಗಂಟಲು ಒಣಗಿಹೋಯ್ತು!" ಎಂದು ಅವಳು ಅಂಗಡಿಗೆ ಹೋಗಿ ಕುಳಿತಳು. ನರಿ ಹಳೆಯ ಬ್ಯಾಟರಿಯನ್ನೂ ಹಲಸಿನ ಹಣ್ಣುಗಳನ್ನೂ ಹೊತ್ತುಕೊಂಡು ತನ್ನ ಪೊದೆಗೆ ಹೋಯಿತು.

ಮರುದಿನ ಬೆಳಿಗ್ಗೆ ಚಿಣ್ಣಿ ಹೊಳೆಗೆ ಹೊರಟಳು. "ಬೇಡ ಮಗಳೇ" ಎಂದಳು ತಾಯಿ. ಅಷ್ಟರಲ್ಲಿ ಮೈಕಿನಿಂದ "ಎಲ್ಲಾ ಕ್ಷೇಮ!" ಎಂದು ಗಟ್ಟಿಯಾಗಿ ಕೇಳಿಸಿತು. "ಕೇಳಿಸ್ತಲ್ಲಮ್ಮ!" ಎನ್ನುತ್ತಾ ಚಿಣ್ಣಿ ಓಡಿಯೇಬಿಟ್ಟಳು.

ಕರಡಿ ಮತ್ತೆ ವೈರು ಹಿಡಿದು ಬಂದು ಕುಳಿತಿತು. ತಿಪ್ಪಮ್ಮ ಮುಳ್ಳು ಕಿತ್ತು ವೈರಿನ ತುದಿ ಬಿಡಿಸತೊಡಗಿದಳು. ಒಂದು ಸ್ಕ್ರೂ ಬಿಚ್ಚಿದಳು. ಇನ್ನೊಂದು ಬಿಚ್ಚಿದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

"ಕರಡೀ, ಮುಸುವ ಕೂಗಿ ಎಷ್ಟು ಹೊತ್ತಾಯ್ತು?"

"ಬಹಳ ಹೊತ್ತಾಯ್ತು. ಹಾಯಾಗಿದೆ ಅಲ್ವಾ? ದಿನಾ ಅದೇ ಕಿರಿಕಿರಿ."

ತಿಪ್ಪಮ್ಮ ವೈರನ್ನು ಕರಡಿಯ ಮುಖದ ಮೇಲೆ ಎಸೆದು ಹೊಳೆಯ ಕಡೆಗೆ ಓಡಿದಳು. ಬಂಡೆಯ ಮೇಲೆ ಮುಸುವ ಮೈಕನ್ನು ಬಡಿಯುತ್ತಾ, ಬಾಯಿ ಅಗಲಿಸಿ ಕುಣಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ಅವಳಿಗೆ ಎಲ್ಲವೂ ಅರ್ಥವಾಯಿತು.

ದಡದಲ್ಲಿ ಚಿಣ್ಣಿ ತಲೆ ಬಗ್ಗಿಸಿ ಗೆಡ್ಡೆ ಅಗೆಯುತ್ತಿದ್ದಳು. ಹತ್ತಿರದ ಜೊಂಡಿನಲ್ಲಿ ಚಿರತೆ ಮೈ ಕುಗ್ಗಿಸಿ ಕುಳಿತಿತ್ತು. ಇನ್ನು ಒಂದೇ ನೆಗೆತ ಬಾಕಿ. ತಿಪ್ಪಮ್ಮ ನಡುವೆ ನುಗ್ಗಿ ನಿಂತಳು. ಉಳಿದಿದ್ದ ಮುಳ್ಳುಗಳನ್ನೆಲ್ಲ ನಿಮಿರಿಸಿ ಝಲ್ ಝಲ್ ಎಂದು ಅಲ್ಲಾಡಿಸಿದಳು.

"ಬಾ ನೋಡೋಣ! ನಿನಗೂ ಒಂದೆರಡು ರಿಪೇರಿ ಮಾಡಿಕೊಡ್ತೀನಿ!"

ಚಿರತೆ ಹಿಂಜರಿಯಿತು. ಆದರೆ ಅದರ ಕಣ್ಣು ಬಲು ಚುರುಕು. ಬೆನ್ನಿನಲ್ಲಿ ಮುಳ್ಳಿಲ್ಲದ ಜಾಗ ಅದಕ್ಕೆ ಕಂಡಿತು. ಅದು ಮೆಲ್ಲಗೆ ಪಕ್ಕಕ್ಕೆ ಸುತ್ತಿ ಬರತೊಡಗಿತು. ತಿಪ್ಪಮ್ಮ ಚಿಣ್ಣಿಯನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡಳು.

ಆಗ ಪಕ್ಕದ ಪೊದೆಯಿಂದ ಒಮ್ಮೆಲೇ ಹಾಡು ಮೊಳಗಿತು!

ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬಿಸಿಕೊಂಡಿದ್ದ ನರಿಗೆ ಹಾಡು ಕೇಳುವ ಆಸೆಯಾಗಿತ್ತು. ಅದು ತನ್ನ ರೇಡಿಯೋವನ್ನು ಕೊರಳಿಗೆ ತೂಗುಹಾಕಿಕೊಂಡು ಅದಕ್ಕೆ ಹಳೆಯ ಬ್ಯಾಟರಿಯನ್ನು ಜೋಡಿಸಿತ್ತು. ಒಳ್ಳೆಯ ಬ್ಯಾಟರಿ ಯಾವುದೆಂದು ಆ ಕಳ್ಳನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ರೇಡಿಯೋ ಅದರದೇ ಅಂಗಡಿಯದು.

ಚಿರತೆ ಹಾಡಿನ ಕಡೆಗೆ ಕಿವಿ ತಿರುಗಿಸಿತು. ಇತ್ತ ಮುಳ್ಳು, ಅತ್ತ ಕೊಬ್ಬಿದ ನರಿ. ಅದು ಒಂದೇ ನೆಗೆತಕ್ಕೆ ಪೊದೆಗೆ ನುಗ್ಗಿತು. ನರಿ ಬೆಚ್ಚಿ ರೇಡಿಯೋ ಆರಿಸಲು ಗುಂಡಿ ತಿರುಗಿಸಿತು. ಗುಂಡಿ ಕಿತ್ತು ಕೈಗೇ ಬಂತು! ಕೊರಳಿನ ಪಟ್ಟಿ ಬಿಚ್ಚಲು ಹೋಯಿತು. ಕೊಂಡಿ ಕಚ್ಚಿಕೊಂಡಿತ್ತು. ನರಿ ಓಡಿತು. ಓಡಿದಲ್ಲೆಲ್ಲ ಹಾಡೂ ಓಡಿತು. ಯಾವ ಬಿಲ ಹೊಕ್ಕರೂ "ಇಲ್ಲಿದ್ದಾನೆ, ಇಲ್ಲಿದ್ದಾನೆ" ಎಂದು ಕರೆದು ತೋರಿಸಿದ ಹಾಗಾಯಿತು. ಚಿರತೆ ಅದರ ಬಾಲಕ್ಕೇ ಬಾಯಿ ಹಾಕಿತು. ಅಷ್ಟರಲ್ಲಿ ಕೊರಳಿನ ಪಟ್ಟಿ ಮುಳ್ಳುಕಂಟಿಗೆ ಸಿಕ್ಕಿ ಪಟ್ಟೆಂದು ಹರಿಯಿತು. ನರಿಯ ಅಂಗಡಿಯ ಕಳಪೆ ಮಾಲು ಯಾರಿಗಾದರೂ ಉಪಕಾರ ಮಾಡಿದ್ದರೆ ಅದೊಂದೇ ಸಲ. ಅರ್ಧ ಬಾಲವನ್ನು ಚಿರತೆಯ ಬಾಯಲ್ಲಿ ಬಿಟ್ಟು ನರಿ ಗುಡ್ಡದಾಚೆಗೆ ಓಡಿತು. ಚಿರತೆಯೂ ಅದರ ಹಿಂದೆಯೇ ಓಡಿತು. ನರಿ ಮತ್ತೆಂದೂ ಆ ಕಾಡಿಗೆ ಕಾಲಿಡಲಿಲ್ಲ.

ಸುದ್ದಿ ತಿಳಿದು ಪ್ರಾಣಿಗಳೆಲ್ಲ ಬಂಡೆಯ ಬಳಿ ಸೇರಿದವು. ತಿಪ್ಪಮ್ಮ ಹೊಸ ಬ್ಯಾಟರಿಯನ್ನು ಕೆಳಗಿಳಿಸಿ, ಮುಳ್ಳಿನಿಂದ ಸೀಲ್ ಸೀಳಿ, ಮುಚ್ಚಳ ಎತ್ತಿದಳು. ಒಳಗಿನಿಂದ ಸರ್ರನೆ ಮರಳು ಸುರಿಯಿತು. ಹೊಳೆಯ ದಡದ್ದೇ ಮರಳು! ಕೊನೆಗೆ ಕಡಲೆಕಾಯಿ ಗಾತ್ರದ ಒಂದು ಸೆಲ್ಲು ಉರುಳಿ ಬಿತ್ತು.

ಕರಡಿ ಮರಳನ್ನು ಮುಟ್ಟಿ ನೋಡಿ, "ಇದಕ್ಕಾ ನಾವು ಹಲಸಿನ ಹಣ್ಣು ಕೊಟ್ಟಿದ್ದು?" ಎಂದಿತು.

"ಇದಕ್ಕೇ," ಎಂದಳು ತಿಪ್ಪಮ್ಮ. "ನನ್ನ ಚಿಣ್ಣಿಯನ್ನೂ ಇದಕ್ಕೇ ಕೊಟ್ಟುಬಿಡ್ತಿದ್ರಿ." ಬೈಯಬೇಕೆಂದು ಅವಳು ಇನ್ನೂ ಎಷ್ಟೋ ಮಾತು ತಂದಿದ್ದಳು. ಮಗಳು ಕಾಲಿಗೆ ಅಂಟಿಕೊಂಡಿದ್ದುದರಿಂದ ಅದನ್ನೆಲ್ಲ ಬಿಟ್ಟು ಅವಳ ತಲೆ ಸವರಿದಳು.

ಅಷ್ಟರಲ್ಲಿ ಮುಸುವ ಕಂಟಿಯಿಂದ ರೇಡಿಯೋವನ್ನು ಬಿಡಿಸಿ ತಂದಿತು. ಅದು ಇನ್ನೂ ಹಾಡುತ್ತಲೇ ಇತ್ತು. ತಿಪ್ಪಮ್ಮ ಹಳೆಯ ಬ್ಯಾಟರಿಯನ್ನು ಬಿಚ್ಚಿ ತೆಗೆದಳು. ಆನೆ ಯಜಮಾನ ಅಭ್ಯಾಸಬಲದಿಂದ ಅದನ್ನು ಸೊಂಡಿಲಲ್ಲಿ ಎತ್ತಿ ತೂಗಿತು.

"ತಿಪ್ಪಮ್ಮ, ಇದು ಬಹಳ ಹಗುರ ಇದೆಯಲ್ಲ?"

ಎಲ್ಲರೂ ತಿಪ್ಪಮ್ಮನ ಕಡೆ ನೋಡಿದರು. ಅವಳು ಒಮ್ಮೆ ಕಣ್ಣು ಮುಚ್ಚಿದಳು. ಒಂದು ದೀರ್ಘ ಉಸಿರು ಬಿಟ್ಟಳು.

"ಹೌದು ಯಜಮಾನರೇ. ಇದರಲ್ಲಿ ಮರಳಿಲ್ಲ."

ಆನೆ ತಲೆ ತಗ್ಗಿಸಿ, ಬ್ಯಾಟರಿಯನ್ನು ತಾನೇ ಬಂಡೆಯ ಮೇಲಕ್ಕೆ ಎತ್ತಿ ಇಟ್ಟಿತು. ಮುಸುವ ವೈರನ್ನು ಬಾಳೆನಾರಿನಲ್ಲಿ ಕಟ್ಟಿತು. ಸ್ವಲ್ಪ ಹೊತ್ತಿನಲ್ಲಿ "ಎಲ್ಲಾ ಕ್ಷೇಮ!" ಎಂಬ ಕೂಗು ಕೇಳಿಸಿತು. ಅದನ್ನು ಕಿರಿಕಿರಿ ಎಂದು ಅವತ್ತು ಯಾರೂ ಅನ್ನಲಿಲ್ಲ.

ನೀತಿ: ವಸ್ತುವಿನ ಹೊಳಪು ನೋಡಿ, ತೂಕ ನೋಡಿ ಮರುಳಾಗಬಾರದು, ಅದು ಮಾಡಬೇಕಾದ ಕೆಲಸವನ್ನು ಪೂರ್ತಿ ಮಾಡಿಸಿ ನೋಡಿದ ಮೇಲೆಯೇ ನಂಬಬೇಕು.