ಇಬ್ಬರು ಮೇಯರ್‌ಗಳ ಪಂಕ್ತಿ ಊಟ

ಇಂಗ್ಲೆಂಡಿನ ಹಾರ್ಟನ್‌ಬರಿ ಪುರಸಭೆಗೆ ನಾನೇ ಅಡುಗೆಯವ. ಆ ಊರು ಒಂದು ಜರ್ಮನ್ ಊರಿನ ಜೊತೆ ಸ್ನೇಹದ ಅವಳಿ ಊರಾಗುವ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಆದರೆ ಮೊದಲು ಸಹಿ ಹಾಕಿದವ ಸಣ್ಣವನಾದಾನೆಂದು ಇಬ್ಬರು ಮೇಯರ್‌ಗಳೂ ಪೆನ್ನು ಮುಟ್ಟಲೊಲ್ಲರು.

ನಮ್ಮ ಮೇಯರ್ ಪಿಲ್‌ಬ್ರೋ ಅಡುಗೆಮನೆಗೇ ನುಗ್ಗಿದ. "ಇವತ್ತಿನ ಊಟದಲ್ಲಿ ಸಹಿ ಆಗಬೇಕು. ಇಲ್ಲಾಂದ್ರೆ ನಿನಗೆ ಕೆಲಸ ಇಲ್ಲ!"

"ಅವಳಿ ಊರಿನ ವಿಷಯ ನನಗ ಬಿಡ್ರಿ ಸಾಹೇಬ್ರ," ಅಂದೆ. "ನಾ ಹುಬ್ಬಳ್ಳಿ-ಧಾರವಾಡದವ!"

ಮೇಜು, ಕುರ್ಚಿ ಎಲ್ಲ ಹೊರಗೆ ಹಾಕಿಸಿದೆ. ಜಮಖಾನೆ ಹಾಸಿ, ಜೋಳದ ಚೀಲದಂಥ ಹೊಟ್ಟೆಯ ಆ ಇಬ್ಬರನ್ನೂ ಅಕ್ಕಪಕ್ಕ ಚಕ್ಕಳಮಕ್ಕಳ ಕೂರಿಸಿದೆ.

"ನಮ್ಮ ಪಂಕ್ತಿಯೊಳಗ ಎಲ್ಲಾರೂ ಕೂಡೇ ಏಳಬೇಕ್ರಿ. ನಡುವ ಎದ್ದವ ಪಂಕ್ತಿಗೆ ಅವಮಾನ ಮಾಡಿದಂಗ. ಕಡೀಕ ಮಜ್ಜಿಗಿ ಕುಡದ ಮ್ಯಾಲೇ ಏಳೂದು. ಮಜ್ಜಿಗಿ ಬರೂದು ಸಹಿ ಆದಮ್ಯಾಲೆ."

ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದೆ. ಇಬ್ಬರ ಕಾಲಿಗೂ ಜೋಮು ಹತ್ತಿತು. ಜರ್ಮನ್ ಮೇಯರ್ ಬೆವೆತ. ಪಿಲ್‌ಬ್ರೋ ನರಳಿದ. ಆದರೂ ಒಬ್ಬನೂ ಮೊದಲು ಏಳಲೊಲ್ಲ.

"ಮಜ್ಜಿಗೆ ತಾರೋ!" ಇಬ್ಬರೂ ಒಟ್ಟಿಗೇ ಕೂಗಿದರು. ಒಪ್ಪಂದ ನಡುವೆ ಹಿಡಿದೆ. ಒಟ್ಟಿಗೇ ಸಹಿ ಗೀಚಿದರು. ಮಜ್ಜಿಗೆ ಕುಡಿದು ಏಳಲು ಹೋದರೆ ಕಾಲೇ ಇಲ್ಲ! ಒಬ್ಬರನ್ನೊಬ್ಬರು ತೆಕ್ಕೆ ಹಿಡಿದು ಎದ್ದರು. ನೋಡಲು ನೆರೆದಿದ್ದ ಊರವರೆಲ್ಲ ಅದನ್ನು ಸ್ನೇಹವೆಂದುಕೊಂಡು ಚಪ್ಪಾಳೆ ತಟ್ಟಿದರು.

ಪಿಲ್‌ಬ್ರೋ ಪಿಸುಗುಟ್ಟಿದ: "ಮೊದಲು ಹಾಕಿದ್ದು ಯಾರು?"

"ಅದು ಬಿಡ್ರಿ ಸಾಹೇಬ್ರ. ಈಗ ಕೈ ಬಿಟ್ಟವ ಮೊದಲು ಬೀಳ್ತಾನ!"

ಪುಣ್ಯಾತ್ಮ ಇನ್ನೂ ಗಟ್ಟಿಯಾಗಿ ತಬ್ಬಿಕೊಂಡ. ನನ್ನ ಕೆಲಸವೂ ಗಟ್ಟಿಯಾಯಿತು.