ಎರಡು ನಿಮಿಷದ ಕೆಂಪು

ಶಿಷ್ಯೆಯೊಬ್ಬಳು ಗುರುವನ್ನು ಕೇಳಿದಳು: "ಉತ್ತರ ಕೊಡದವರನ್ನು ಕೇಳುವುದನ್ನು ಬಿಟ್ಟುಬಿಡಬಹುದೇ?"

"ಯಾರನ್ನು?" ಎಂದರು ಗುರುಗಳು.

"ನನ್ನ ಯಜಮಾನರನ್ನು. ಪಾರ್ಶ್ವವಾಯು ಬಡಿದು ಆರು ತಿಂಗಳಾಯಿತು. ಕಾಫಿಯೋ ಗಂಜಿಯೋ ಎಂದು ಬೆಳಿಗ್ಗೆ ಕೇಳುತ್ತೇನೆ. ತುಟಿ ಅಲುಗುತ್ತದೆ, ಮಾತು ಬರುವುದಿಲ್ಲ. ಕೊನೆಗೆ ಕಾಫಿ ಎಂದು ನಾನೇ ಹೇಳಿ ಲೋಟ ಕೈಗಿಡುತ್ತೇನೆ. ಅವರೊಳಗೆ ಮಾತೇ ಉಳಿದಿಲ್ಲ, ಸುಮ್ಮನೆ ಕೇಳಿ ನೋಯಿಸಬೇಡ ಎನ್ನುತ್ತಾರೆ ನೆಂಟರು. ನಾಳೆಯಿಂದ ಕೇಳುವುದು ಬೇಡವೆಂದುಕೊಂಡಿದ್ದೇನೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬಳು ವಿಜ್ಞಾನಿ ಇದ್ದಳು. ಭೂಮಿಯನ್ನು ಸುತ್ತುವ ಉಪಗ್ರಹವೊಂದರಲ್ಲಿ ಅವಳು ಮಾಡಿಸಿಟ್ಟ ಒಂದು ಕ್ಯಾಮೆರಾ ಕಣ್ಣಿತ್ತು. ಮೇಲಿನ ಬಾನಿನಲ್ಲಿ ಕಮಾನಿನಂತೆ ಹಬ್ಬುವ ಕೆಂಪು ಬೆಳಕನ್ನು ಹುಡುಕುವುದು ಅದರ ಕೆಲಸ. ನೆಲದ ಮೇಲೆ ನಿಂತವರಿಗೆ ಕಾಣದಷ್ಟು ಮಸುಕು ಬೆಳಕು ಅದು. ಧ್ರುವದ ಹಸಿರು ಬೆಳಕು ಚಿತ್ರಗಳಲ್ಲಿ ಚೆನ್ನಾಗಿಯೇ ಬಂತು. ಕೆಂಪು ಬರಲಿಲ್ಲ. ತಿಂಗಳುಗಳು ಕಳೆದವು.

ಉಪಗ್ರಹವನ್ನು ನಡೆಸುವ ಅಧಿಕಾರಿ, "ಅಮ್ಮಾ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ಈ ವಾರ ಮುಚ್ಚಿಬಿಡೋಣ" ಎಂದ.

"ಪೊರೆ ಬಂದಿಲ್ಲ. ನೀವು ಅದನ್ನು ಸಂತೆಯಲ್ಲಿ ನಿಲ್ಲಿಸಿ ಪಿಸುಮಾತು ಕೇಳಿಸಿಕೋ ಎನ್ನುತ್ತಿದ್ದೀರಿ" ಎಂದಳು ಅವಳು.

ಆಮೇಲೆ ವಿವರಿಸಿದಳು. ಮೇಲಿನಿಂದ ಬಿಸಿ ತಾಗಿದ ಆಮ್ಲಜನಕದ ಕಣ ತನ್ನ ಕೆಂಪನ್ನು ಕೂಡಲೇ ಕೊಡುವುದಿಲ್ಲ. ಹೆಚ್ಚುಕಡಿಮೆ ಎರಡು ನಿಮಿಷ ಹಿಡಿಯುತ್ತದೆ. ಕಣ್ಣು ಈಗ ನೋಡುತ್ತಿರುವ, ಹಸಿರು ಕಾಣುವ ಎತ್ತರದಲ್ಲಿ ಗಾಳಿಯ ಕಣಗಳು ಕಿಕ್ಕಿರಿದಿವೆ. ಆ ಎರಡು ನಿಮಿಷದೊಳಗೆ ಪಕ್ಕದ್ದೊಂದು ಬಂದು ಢಿಕ್ಕಿ ಹೊಡೆಯುತ್ತದೆ. ಬರಬೇಕಿದ್ದ ಬೆಳಕು ಬಾರದೆ ಹೋಗುತ್ತದೆ. ಕಣದಲ್ಲಿ ಬೆಳಕಿದೆ, ಹೊತ್ತಿಕೊಳ್ಳಲು ಅದಕ್ಕೆ ಹೊತ್ತು ಸಿಗುವುದಿಲ್ಲ.

ಅಧಿಕಾರಿ ಕಣ್ಣಿನ ನೋಟವನ್ನು ನಾನೂರು ಕಿಲೋಮೀಟರ್ ಎತ್ತರಕ್ಕೆ ತಿರುಗಿಸಿದ. ಅಲ್ಲಿ ಗಾಳಿ ಬಹಳ ವಿರಳ. ಒಂದು ಕಣ ಇನ್ನೊಂದನ್ನು ತಾಗುವುದೇ ಅಪರೂಪ. ಮುಂದೆ ಸೂರ್ಯನ ಬಿರುಗಾಳಿ ಭೂಮಿಗೆ ಬಡಿದಾಗ, ಬಾನಿನ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಕೆಂಪು ಕಮಾನು ಚಿತ್ರದಲ್ಲಿ ಬಂತು. ಅಧಿಕಾರಿ ಅದನ್ನು ನೋಡಿ ಕುರ್ಚಿಯಿಂದ ಎದ್ದು ನಿಂತ.

ಕತೆ ಮುಗಿಯಿತು.

"ಎರಡು ನಿಮಿಷ" ಎಂದಳು ಶಿಷ್ಯೆ. "ಲೋಟ ಹಿಡಿದು ನಿಂತವಳಿಗೆ ಅದು ಬಹಳ ದೀರ್ಘ, ಗುರುಗಳೇ."

"ಕಾಫಿ ಆರುವಷ್ಟು ಹೊತ್ತೂ ಅಲ್ಲ, ತಾಯಿ."